ಕಾರಿಗೂ ಟಾನಿಕ್ ಬೇಕೇ?



ಹೋದ ತಿಂಗಳ ಒಂದು ಭಾನುವಾರ ಫೋನ್-ಇನ್ ಮುಗಿಸಿ ಹೆಡ್‌ಫೋನ್ ತೆಗೆದಿಡುವಷ್ಟರಲ್ಲಿ ಸ್ಟುಡಿಯೋದ ಫೋನ್ ಮತ್ತೊಮ್ಮೆ ರಿಂಗಾಯಿತು. ಆ ಕಡೆ ಡೊಂಬಿವಲಿಯ ನಮ್ಮ ಹಳೆಯ ಕೇಳುಗರು, ಮೂಲತಃ ಉಡುಪಿಯವರು. ಯಾವ ಹಾಡು ಸಾರ್ ಎಂದು ಕೇಳಿದೆ. "ಹಾಡು ಬೇಡ ಮೇಡಂ, ಒಂದು ಸಂಗತಿ ಕೇಳ್ಲಿಕ್ಕಿತ್ತು" ಎಂದರು.

ಸಂಗತಿ ಇಷ್ಟು. ಅವರದು 2011ರ ಪೆಟ್ರೋಲ್ ಕಾರು. ತಾಯಿಗೆ ಎಂಬತ್ತಾಗಿದೆ, ರೈಲು ಬಸ್ಸು ಹತ್ತಿ ಇಳಿಯುವ ಶಕ್ತಿಯಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಊರಿಗೆ ಹೋಗುವುದು ಕಾರಿನಲ್ಲೇ. ಪುಣೆ ದಾಟಿ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ ಹಾದು, ಅರಬೈಲು ಘಟ್ಟ ಇಳಿದು ಅಂಕೋಲಾ. ಕಳೆದ ಸಲ ಖಂಬಾಟ್ಕಿ ಘಾಟ್ ಏರುವಾಗ ಎಂಜಿನ್ನಿನೊಳಗಿಂದ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು. ವಾಪಸು ಬಂದಾಗ ಪೆಟ್ರೋಲ್ ಪಂಪಿನ ಹುಡುಗ, "ಅಂಕಲ್, ಆಕ್ಟೇನ್ ಕಡಿಮೆ" ಎಂದು ಒಂದು ಸೀಸೆ ಮಾರಿದ. ಸದ್ದು ಸ್ವಲ್ಪ ತಗ್ಗಿತು, ಮತ್ತೆ ಬಂತು. ಇನ್ನೊಂದು ಸೀಸೆ ಹಾಕಿದರು. ಈಗ ಮೂರನೆಯದು ಡಿಕ್ಕಿಯಲ್ಲಿದೆ. ಸೊಸೈಟಿಯವರೆಲ್ಲ "ಇದೆಲ್ಲ ಇ-20 ಪೆಟ್ರೋಲಿನ ಕೆಲಸ, ಬೂಸ್ಟರ್ ಹಾಕದಿದ್ದರೆ ಎಂಜಿನ್ ಹೋಗ್ತದೆ" ಎನ್ನುತ್ತಿದ್ದಾರೆ. "ಹಾಕ್ಬಹುದಾ ಮೇಡಂ? ಎಂಜಿನಿಗೆ ಏನೂ ಆಗುದಿಲ್ವಾ? ದಾರಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ನಿಂತುಬಿಟ್ರೆ ಕಷ್ಟ."

ನಾನು ಓದಿದ್ದು ಕನ್ನಡ ಬಿ.ಎ. ರಗಳೆ, ಷಟ್ಪದಿ ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ. ಇದಕ್ಕೆ ಪುಸ್ತಕ ತಿರುವಿ ಹಾಕಬೇಕಾಯಿತು, ಠಾಣೆಯಲ್ಲಿ ಗ್ಯಾರೇಜ್ ನಡೆಸುವ ಧಾರವಾಡದ ಮೆಕ್ಯಾನಿಕ್ ಒಬ್ಬರ ಮುಂದೆ ಎರಡು ಸಂಜೆ ಕೂರಬೇಕಾಯಿತು. ತಿಳಿದದ್ದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೆಷ್ಟು ಜನರ ಡಿಕ್ಕಿಯಲ್ಲಿದೆಯೋ!

ಮೊದಲು ಆ ಸದ್ದು. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸರಿಯಾದ ಗಳಿಗೆಗೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಪ್ಲಗ್ಗಿನಿಂದ ಹೊರಟು, ಒಣಹುಲ್ಲಿಗೆ ಒಂದು ತುದಿಯಿಂದ ಹತ್ತಿದ ಹಾಗೆ, ಕ್ರಮವಾಗಿ ಆಚೆ ತುದಿಗೆ ಹರಡಬೇಕು. ಆದರೆ ಒತ್ತಡ, ಬಿಸಿ ಮಿತಿ ಮೀರಿದರೆ ಆಚೆ ತುದಿಯ ಮಿಶ್ರಣ ಬೆಂಕಿ ಬರುವ ತನಕ ಕಾಯುವುದಿಲ್ಲ, ತಾನೇ ಭಗ್ಗೆಂದು ಉರಿದುಬಿಡುತ್ತದೆ. ಆ ಹೊಡೆತವೇ ನಾಕಿಂಗ್. ಅಪರೂಪಕ್ಕೆ ಒಂದೆರಡು ಸೆಕೆಂಡು ಬಂದರೆ ಗಾಬರಿ ಬೇಡ. ಆದರೆ ಭಾರ ಹೊತ್ತು, ವೇಗದಲ್ಲಿ, ಗಂಟೆಗಟ್ಟಲೆ ನಾಕ್ ಆಗುತ್ತಿದ್ದರೆ ಪಿಸ್ಟನ್ ತೂತು ಬೀಳುವುದೂ ಉಂಟು.

ಆಕ್ಟೇನ್ ಎಂದರೆ ಈ ವಿಷಯದಲ್ಲಿ ಪೆಟ್ರೋಲಿಗೆ ಎಷ್ಟು ತಾಳ್ಮೆ ಇದೆ ಎಂಬುದರ ಅಂಕ. ಐಸೋ-ಆಕ್ಟೇನ್ ಎಂಬ ದ್ರವಕ್ಕೆ 100, ಮಹಾ ಮುಂಗೋಪಿಯಾದ ಹೆಪ್ಟೇನಿಗೆ 0. ಪರೀಕ್ಷೆಯ ಎಂಜಿನ್ನಿನಲ್ಲಿ ಒಂದು ಪೆಟ್ರೋಲು 95 ಪಾಲು ಐಸೋ-ಆಕ್ಟೇನ್, 5 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟೇ ತಾಳಿಕೊಂಡರೆ ಅದರ ಅಂಕ 95. ಇಲ್ಲೇ ನೋಡಿ ಜನ ಮೋಸಹೋಗುವುದು. ಆಕ್ಟೇನ್ ಎಂದರೆ ಶಕ್ತಿಯಲ್ಲ! ಹೆಚ್ಚು ಆಕ್ಟೇನಿನ ಪೆಟ್ರೋಲಿನಲ್ಲಿ ಹೆಚ್ಚು ಕಸುವೇನೂ ತುಂಬಿರುವುದಿಲ್ಲ. ಜೋರಾಗಿ ಒತ್ತುವ ಎಂಜಿನ್ನಿಗೆ, ಟರ್ಬೋ ಇರುವ ಎಂಜಿನ್ನಿಗೆ ತಾಳ್ಮೆಯ ಪೆಟ್ರೋಲ್ ಬೇಕು. ಸಾದಾ ಎಂಜಿನ್ನಿಗೆ ಅಷ್ಟು ತಾಳ್ಮೆಯಿಂದ ಆಗಬೇಕಾದ್ದೇನೂ ಇಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಎಕ್ಸ್‌ಪಿ-100 ಎಂಬ 100 ಆಕ್ಟೇನಿನ ಪೆಟ್ರೋಲ್ ತಂದಿತು. ಕಾರಿನ ಕೈಪಿಡಿಯಲ್ಲಿ 91 ಸಾಕು ಎಂದು ಬರೆದಿದ್ದರೆ ಅದನ್ನು ತುಂಬಿಸಿ ಬರುವ ಸುಖವೆಲ್ಲ ಬಿಲ್ಲಿನಲ್ಲಿ ಮಾತ್ರ.

ಈಗ ಸೀಸೆಗೆ ಬರೋಣ. ಈ 'ಅಡಿಟಿವ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಯೋಚಿಸಿದೆ. ಬೆರಕೆ ಎಂದರೆ ಕಲಬೆರಕೆ ನೆನಪಾಗುತ್ತದೆ. ಒಗ್ಗರಣೆ ಎನ್ನೋಣ ಬಿಡಿ. ಒಂದು ಚಮಚ ಎಣ್ಣೆ, ನಾಲ್ಕು ಸಾಸಿವೆ ಇಡೀ ಪಾತ್ರೆಯ ಸಾರಿನ ರುಚಿ ಬದಲಿಸುವ ಹಾಗೆ 300 ಮಿಲಿಲೀಟರಿನ ಸೀಸೆ ಇಡೀ ಟ್ಯಾಂಕನ್ನು ಬದಲಿಸಬಲ್ಲದೇ?

ಒಂದು ಒರಟು ಲೆಕ್ಕ ಹಾಕಿದೆ. ಸೀಸೆಯಲ್ಲಿ ಪೇಂಟ್ ಥಿನ್ನರಿಗೆ ಬಳಸುವ ಟಾಲೂಯಿನ್ ಇದೆ ಎಂದಿಟ್ಟುಕೊಳ್ಳಿ. ಅದರ ಆಕ್ಟೇನ್ ಸುಮಾರು 120, ಬಹಳ ಒಳ್ಳೆಯದೇ. ಟ್ಯಾಂಕಿನಲ್ಲಿ 95 ಆಕ್ಟೇನಿನ ಪೆಟ್ರೋಲ್ 35 ಲೀಟರ್ ಇದೆ. ಅದಕ್ಕೆ 300 ಮಿಲಿಲೀಟರ್ ಸುರಿದರೆ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಆಕ್ಟೇನ್ 95ರಿಂದ ಏರುವುದು 95.2ಕ್ಕೆ! ಪೂರಾ ಎರಡು ಅಂಕ ಏರಿಸಬೇಕೆಂದರೆ ಮೂರು ಲೀಟರ್ ಥಿನ್ನರ್ ಸುರಿಯಬೇಕು. ಇನ್ನು ಕೆಲವು ಸೀಸೆಗಳ ಮೇಲೆ '30 ಪಾಯಿಂಟ್ ಏರಿಕೆ' ಎಂದಿರುತ್ತದೆ. ಅವರ ಒಂದು ಪಾಯಿಂಟ್ ಎಂದರೆ ಆಕ್ಟೇನಿನ ಹತ್ತನೇ ಒಂದು ಭಾಗ. 30 ಪಾಯಿಂಟ್ ಎಂದರೆ 3 ಅಂಕ ಅಷ್ಟೇ. ಅದೂ ಹೌದೋ ಅಲ್ಲವೋ ದೇವರೇ ಬಲ್ಲ.

ಹಾಗಾದರೆ ಅಷ್ಟು ಚಿಕ್ಕ ಸೀಸೆಯಿಂದ ನಿಜಕ್ಕೂ ಆಕ್ಟೇನ್ ಏರಿಸುವ ವಸ್ತುವೇ ಇಲ್ಲವೇ? ಇದೆ. ಅಪಾಯ ಇರುವುದೂ ಅಲ್ಲೇ. ಅಷ್ಟು ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವುದು ಬಹುಮಟ್ಟಿಗೆ ಲೋಹದ ಸಂಯುಕ್ತಗಳು, ಇಲ್ಲವೇ ಅನಿಲೀನ್ ಬಳಗದ ಕೆಲವು ರಾಸಾಯನಿಕಗಳು.

ಈ ಲೋಹದ ಕಥೆ ಹಳೆಯದು, ಕೇಳಬೇಕಾದದ್ದು. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಶೋಧಕ ಥಾಮಸ್ ಮಿಜ್ಲಿ ನಾಕಿಂಗ್ ನಿಲ್ಲಿಸುವ ಔಷಧ ಹುಡುಕುತ್ತ ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪರೀಕ್ಷಿಸಿದ. ಲೀಟರಿಗೆ ಗ್ರಾಮಿನಷ್ಟೂ ಬೇಡ, ಸದ್ದು ಮಾಯ! 1923ರಲ್ಲಿ ಮಾರಾಟ ಶುರುವಾಯಿತು. ಸೀಸ ಎಂಬ ಮಾತೇ ಬಾರದ ಹಾಗೆ 'ಈಥೈಲ್' ಎಂದು ಹೆಸರಿಟ್ಟರು. ಮರುವರ್ಷವೇ ನ್ಯೂಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಘಟಕದಲ್ಲಿ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಮಿಜ್ಲಿ ಪತ್ರಕರ್ತರನ್ನು ಕರೆದು, ಅವರೆದುರಿಗೇ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿದ. ಅದಕ್ಕೆ ಮುಂಚೆ ಅವನೇ ಸೀಸದ ವಿಷದಿಂದ ರಜೆ ಹಾಕಿ ಮಲಗಿದ್ದ ಎಂಬುದು ಬೇರೆ ಮಾತು. ಆಮೇಲೆ ಲೋಕವೆಲ್ಲ ಹಲವು ದಶಕ ಆ ಹೊಗೆ ಕುಡಿಯಿತು, ನಮ್ಮ ಮುಂಬಯಿಯೂ ಕುಡಿಯಿತು. ಇಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ನಿಂತಿತು. ಲೋಕದಲ್ಲಿ ಕಡೆಯದಾಗಿ ನಿಂತದ್ದು ಅಲ್ಜೀರಿಯಾದಲ್ಲಿ, 2021ರಲ್ಲಿ. ನೂರು ವರ್ಷ!

ಸೀಸ ಹೋಯಿತು, ಅದರ ತಮ್ಮಂದಿರು ಉಳಿದರು. ಒಬ್ಬ ಎಂಎಂಟಿ ಎಂಬ ಮ್ಯಾಂಗನೀಸ್ ಸಂಯುಕ್ತ. ಸೀಸ ಮಾರುತ್ತಿದ್ದ ಅದೇ ಈಥೈಲ್ ಕಂಪನಿ 1950ರ ದಶಕದಲ್ಲಿ ತಂದದ್ದು. ಇನ್ನೊಬ್ಬ ಫೆರೋಸೀನ್, ಕಬ್ಬಿಣದ ಸಂಯುಕ್ತ. ಎರಡೂ ಆಕ್ಟೇನ್ ಏರಿಸುತ್ತವೆ, ಸುಳ್ಳಲ್ಲ. ಆದರೆ ಪೆಟ್ರೋಲ್ ಉರಿದು ಹೋಗುತ್ತದೆ, ಲೋಹ ಎಲ್ಲಿಗೆ ಹೋಗಬೇಕು? ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕೆಮ್ಮಣ್ಣು ಬಳಿದ ಹಾಗೆ ಕೂರುತ್ತದೆ. ಆ ಪದರದ ಮೇಲೆ ವಿದ್ಯುತ್ ಸೋರಿ ಕಿಡಿ ತಪ್ಪುತ್ತದೆ. ಅಲ್ಲಿಂದ ಮುಂದೆ ಹೊಗೆ ಹೋಗುವ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್, ಆಮೇಲೆ ಕೆಟಲಿಟಿಕ್ ಕನ್ವರ್ಟರ್. ಇದು ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳ ಪೆಟ್ಟಿಗೆ, ಒಳಗೆ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂ ಲೇಪ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅದರ ಮೇಲೆ ಲೋಹದ ಬೂದಿ ಕೂತರೆ ಕೆಲಸ ಕುಂದುತ್ತದೆ, ಕೊನೆಗೆ ಕಟ್ಟಿಕೊಳ್ಳುತ್ತದೆ. ಕಾರು ಕಂಪನಿಗಳು ಕೈಪಿಡಿಯಲ್ಲಿ ಇಂಥ ಸೀಸೆಗಳ ವಿಷಯದಲ್ಲಿ ಎಚ್ಚರಿಸುವುದು ಇದಕ್ಕೇ. ಒಂದೇ ಸೀಸೆಯಿಂದ ಎಂಜಿನ್ ಸಾಯುವುದಿಲ್ಲ. ತಿಂಗಳಿಗೊಂದರಂತೆ ಸುರಿಯುವವರಿಗೆ ಈ ಮಾತು.

ಸೀಸೆಯ ಮೇಲೆ ಒಳಗೇನಿದೆ ಎಂದು ಬರೆದಿಲ್ಲವೇ? ಹಾಗಾದರೆ ಅದು ನಿಮಗೆ ಬೇಡ. ನನ್ನ ಅಭಿಪ್ರಾಯ ಅಷ್ಟೇ ಸರಳ.

ಹಳೆಯ ಸ್ಕೂಟರ್ ಸವಾರರು ನಗಬಹುದು. ಆಗ ಟ್ಯಾಂಕಿಗೆ ಡಾಂಬರು ಗುಳಿಗೆ ಹಾಕುತ್ತಿದ್ದವರಿದ್ದರು, ಬೀರುವಿನ ಸೀರೆಗಳ ನಡುವೆ ಇಡುವ ಅದೇ ಬಿಳಿ ಗುಳಿಗೆ. ಅದು ನ್ಯಾಫ್ತಲೀನ್, ಆಕ್ಟೇನಿಗೆ ಸ್ವಲ್ಪ ಅನುಕೂಲವೇ. ಆದರೆ ಕರಗಿದ್ದು ಚಳಿಗೆ ಮತ್ತೆ ಹರಳುಗಟ್ಟಿ ಫಿಲ್ಟರು, ಜೆಟ್ಟು ಕಟ್ಟಿಕೊಳ್ಳುತ್ತಿತ್ತು. ಈಗ ಸಿಗುವ ಗುಳಿಗೆಗಳಲ್ಲಿ ಕೆಲವು ನ್ಯಾಫ್ತಲೀನ್ ಅಲ್ಲವೇ ಅಲ್ಲ, ಕ್ಲೋರಿನ್ ಇರುವ ಬೇರೆ ವಸ್ತು. ಉರಿದರೆ ಆಮ್ಲವಾಗಿ ಲೋಹ ತಿನ್ನುತ್ತದೆ. ಸೀರೆಗೇ ಇರಲಿ.

ಇನ್ನು ಸೊಸೈಟಿಯವರ ಮಾತು, ಇ-20. 2023ರ ಫೆಬ್ರವರಿಯಲ್ಲಿ ಪ್ರಧಾನಿಯವರು ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟದ್ದು. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲೇ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತದ್ದಾಯಿತು. ಹಳೆಯ ಕಾರಿನವರಿಗೆ ಇದರ ಬಗ್ಗೆ ದೂರಿದೆ, ಆ ದೂರಿನಲ್ಲಿ ಹುರುಳೂ ಇದೆ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗದ 2021ರ ವರದಿಯೇ, ಎಥನಾಲಿಲ್ಲದ ಪೆಟ್ರೋಲಿಗೆಂದು ರೂಪಿಸಿ 10 ಪಾಲಿಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇಕಡಾ 6-7ರಷ್ಟು ಇಳಿಯಬಹುದು ಎಂದಿತ್ತು. ಹಳೆಯ ರಬ್ಬರ್ ಪೈಪು, ಸೀಲುಗಳು ಬೇಗ ಸವೆಯಬಹುದೆಂಬ ಚಿಂತೆಯೂ ಇದೆ.

ಆದರೆ ನೋಡಿ, ಈ ಯಾವ ದೂರಿಗೂ ಆಕ್ಟೇನಿಗೂ ಸಂಬಂಧವೇ ಇಲ್ಲ! ಎಥನಾಲಿನ ಆಕ್ಟೇನ್ ಸುಮಾರು 108. ಅದನ್ನು ಬೆರೆಸಿದ್ದರಿಂದಲೇ ಮೊದಲು 91 ಇದ್ದ ನಮ್ಮ ಸಾದಾ ಪೆಟ್ರೋಲ್ ಈಗ 95 ಆಗಿದೆ. ಅಂದರೆ ಯಾವ ಬೂಸ್ಟರಿಗೂ ಕೊಡಲಾಗದ ನಾಲ್ಕು ಅಂಕ ಬಿಟ್ಟಿಯಾಗಿ ಬಂದಿದೆ. ಮೈಲೇಜ್ ಇಳಿಯಿತೆಂದು ಆಕ್ಟೇನ್ ಸೀಸೆ ಸುರಿಯುವುದು, ಹೊಟ್ಟೆನೋವಿಗೆ ಕಣ್ಣಿನ ಡ್ರಾಪ್ಸ್ ಹಾಕಿದ ಹಾಗೆ. ಕೆಲವು ಸೀಸೆಗಳಲ್ಲಿ ಇರುವುದೂ ಆಲ್ಕೋಹಾಲೇ. ಇಪ್ಪತ್ತು ಪಾಲು ಬೇಡವೆಂದು ಇನ್ನಷ್ಟು ಕೊಂಡು ಸುರಿದಂತಾಯಿತು.

ಒಂದು ಎಚ್ಚರ ಮಾತ್ರ ಮುಂಬಯಿಯವರಿಗೆ ಬೇಕು. ಎಥನಾಲಿಗೆ ನೀರೆಂದರೆ ಪ್ರೀತಿ. ಮಳೆಗಾಲದಲ್ಲಿ ನೀರು ನಿಂತ ರಸ್ತೆ, ಸರಿಯಾಗಿ ಕೂರದ ಟ್ಯಾಂಕ್ ಮುಚ್ಚಳ, ತಿಂಗಳುಗಟ್ಟಲೆ ನಿಂತ ಕಾರು... ನೀರು ಒಂದು ಮಿತಿ ದಾಟಿದರೆ ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ. ಪಂಪು ಎಳೆಯುವುದು ತಳದಿಂದಲೇ, ಎಂಜಿನ್ ಕೆಮ್ಮುತ್ತದೆ. ಹೀಗೆ ಒಡೆದ ಪೆಟ್ರೋಲನ್ನು ಒಡೆದ ಹಾಲಿನ ಹಾಗೆ ಯಾವ ಸೀಸೆಯೂ ಕೂಡಿಸಲಾರದು. ಟ್ಯಾಂಕ್ ಬಸಿಯುವುದೇ ದಾರಿ.

ಎಲ್ಲ ಸೀಸೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇಂಜೆಕ್ಟರ್ ಕ್ಲೀನರ್ ಎಂಬುದು ಬೇರೆ ಜಾತಿ. ಅದರಲ್ಲಿ ಪಾಲಿ ಈಥರ್ ಅಮೀನ್ ಎಂಬ ಡಿಟರ್ಜೆಂಟ್ ಇದ್ದರೆ, ಪೆಟ್ರೋಲ್ ಚಿಮ್ಮುವ ಇಂಜೆಕ್ಟರಿನ ತುದಿ, ಒಳಹೋಗುವ ವಾಲ್ವಿನ ಮೇಲೆ ಕಟ್ಟಿದ ಮಸಿ ನಿಜಕ್ಕೂ ಕರಗುತ್ತದೆ. ವರ್ಷಕ್ಕೊಮ್ಮೆ, ಆಯಿಲ್ ಬದಲಾಯಿಸುವ ಸ್ವಲ್ಪ ಮುಂಚೆ ಹೇಳಿದಷ್ಟೇ ಹಾಕಿದರೆ ತೊಂದರೆಯಿಲ್ಲ. ಅತಿಯಾದರೆ ಅದು ಎಂಜಿನ್ ಆಯಿಲಿಗೂ ಇಳಿಯುತ್ತದೆ. ಇನ್ನು ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಚಿಮ್ಮುವ ಹೊಸ ಬಗೆಯ ಎಂಜಿನ್ನುಗಳಲ್ಲಿ ಪೆಟ್ರೋಲು ವಾಲ್ವನ್ನು ಮುಟ್ಟುವುದೇ ಇಲ್ಲ, ಮತ್ತೆ ತೊಳೆಯುವುದೆಲ್ಲಿಂದ? ಡೀಸೆಲ್ ಕಾರಿನವರು ಈ ಆಕ್ಟೇನ್ ಸೀಸೆಯ ತಂಟೆಗೇ ಹೋಗಬೇಡಿ. ಅಲ್ಲಿ ಬೇಕಾದ್ದು ಬೇಗ ಹತ್ತಿಕೊಳ್ಳುವ ಗುಣ, ಇದಕ್ಕೆ ತದ್ವಿರುದ್ಧ.

95ರ ಪೆಟ್ರೋಲ್ ಇದ್ದೂ ಹಳೆಯ ಕಾರು ನಾಕ್ ಆಗುತ್ತಿದ್ದರೆ ತಪ್ಪು ಬೇರೆಲ್ಲೋ ಇದೆ. ಒಂದು ಕಾರಣ ಕಲಬೆರಕೆ. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆ. ಸ್ವಲ್ಪ ಬೆರೆತರೂ ಎಂಜಿನ್ ಗೊಣಗುತ್ತದೆ. ಇದು ಎಂಥ ದಂಧೆಯಾಗಿತ್ತು ಎಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಹುಡುಗ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಪಂಪಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 27. ಪಂಪಿನಲ್ಲಿ ಫಿಲ್ಟರ್ ಪೇಪರ್ ಕೇಳಿ ಪಡೆಯುವ ಹಕ್ಕು ನಮಗಿದೆ. ನಳಿಕೆಯ ತುದಿ ಒರೆಸಿ ಒಂದು ಹನಿ ಬೀಳಿಸಿದರೆ ಒಳ್ಳೆಯ ಪೆಟ್ರೋಲ್ ಒಂದೆರಡು ನಿಮಿಷದಲ್ಲಿ ಆರಿ ಮಾಯ. ಕಲೆ ಉಳಿದರೆ ಅನುಮಾನ ಪಡಿ. ಕೇಳಲು ಸಂಕೋಚವೇಕೆ?

ಉಳಿದ ಕಾರಣಗಳನ್ನು ಧಾರವಾಡದ ನಮ್ಮ ಮೆಕ್ಯಾನಿಕ್ ಬಾಯಲ್ಲೇ ಕೇಳಬೇಕು. "ಅಲ್ರೀ ಅಕ್ಕಾರ, ಜ್ವರ ಬಂದಾಗ ಥರ್ಮಾಮೀಟರ್ ಒಡದ್ರ ಜ್ವರ ಹೋಗ್ತದೇನ್ರಿ? ಕೂಲಂಟ್ ನೋಡಿಲ್ಲ, ಪ್ಲಗ್ ನೋಡಿಲ್ಲ, ಒಳಗ ಇಂಗಾಲ ಎಷ್ಟು ಕಟ್ಟೇದ ನೋಡಿಲ್ಲ. ನಾಲ್ಕನೇ ಗೇರ್‌ನ್ಯಾಗ ಘಾಟ್ ಹತ್ತಸ್ತಾರ. ಎಂಜಿನ್ ಅಳದ ಏನ್ ಮಾಡಬೇಕ್ರಿ?" ಎಂಜಿನ್ ಬಿಸಿಯೇರಿದರೆ ನಾಕ್, ತಪ್ಪು ಪ್ಲಗ್ಗಿದ್ದರೆ ನಾಕ್, ಮೇಲಿನ ಗೇರಿನಲ್ಲಿ ನಿಧಾನಕ್ಕೆ ಭಾರ ಎಳೆದರೂ ನಾಕ್. ಈ ಕೊನೆಯದಕ್ಕೆ ಔಷಧ ಪುಕ್ಕಟೆ: ಘಟ್ಟ ಕಂಡ ಕೂಡಲೇ ಮೂರನೆಯ ಗೇರು, ಬೇಕಾದರೆ ಎರಡನೆಯದು. ಎಂಜಿನ್ ಜೋರಾಗಿ ಸದ್ದು ಮಾಡಿದರೆ ಮಾಡಲಿ, ಅದು ಆರೋಗ್ಯದ ಸದ್ದು.

ಡೊಂಬಿವಲಿಯವರಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿ, ಸೀಸೆ ತೆರೆಯುವ ಮುನ್ನ ಕಾರು ತೋರಿಸಿ ಎಂದೆ. ಎರಡು ವಾರ ಬಿಟ್ಟು ಅವರೇ ಕರೆ ಮಾಡಿದರು. ಪ್ಲಗ್ ನಾಲ್ಕೂ ಕೆಂಪಗೆ ಇಟ್ಟಿಗೆಯ ಹಾಗೆ ಆಗಿದ್ದವಂತೆ, ಹಿಂದಿನ ಎರಡು ಸೀಸೆಗಳ ಪ್ರಸಾದ. ಕೂಲಂಟ್ ಅರ್ಧವೂ ಇರಲಿಲ್ಲ, ಇದ್ದದ್ದು ಯಾರೋ ತುಂಬಿದ ನಲ್ಲಿ ನೀರು. ಪ್ಲಗ್ ಬದಲಾಯಿಸಿ, ರೇಡಿಯೇಟರ್ ತೊಳೆಸಿ, ಕೂಲಂಟ್ ತುಂಬಿಸಿ ಲೋನಾವಳದ ತನಕ ಹೋಗಿ ಬಂದಿದ್ದಾರೆ. ಘಾಟಿನಲ್ಲಿ ಸದ್ದಿಲ್ಲ.

"ಆ ಮೂರನೆಯ ಸೀಸೆ ಏನು ಮಾಡಿದಿರಿ?" ಎಂದು ಕೇಳಿದೆ.

"ಪಂಪಿನ ಹುಡುಗ ವಾಪಸ್ ತಗೊಳ್ಳುದಿಲ್ಲ ಅಂದ ಮೇಡಂ. ಡಿಕ್ಕಿಯಲ್ಲೇ ಉಂಟು" ಎಂದರು. ಆಮೇಲೆ ಒಂದು ಹಾಡನ್ನೂ ಕೇಳಿದರು, ಅಮ್ಮನಿಗಾಗಿ. ಈ ಭಾನುವಾರ ಹಾಕುತ್ತೇನೆ.